ಕೊನೆಗೆ ಬಂದು ಸೇರಿದ ಹಾಡು

‘ದಿ ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾ ನೋಡಿದ್ದೀರಾ ಎಂದು ಅಜ್ಜ-ಅಜ್ಜಿಯನ್ನು ಕೇಳಿ ನೋಡಿ, ಮಕ್ಕಳೇ. 1965ರ ಆ ಸಿನಿಮಾಕ್ಕೂ ಮೊದಲು ಅದೊಂದು ಸಂಗೀತ ನಾಟಕ. ನ್ಯೂಯಾರ್ಕಿನಲ್ಲಿ 1959ರ ನವೆಂಬರ್ 16ರಂದು ರಂಗಕ್ಕೆ ಬಂತು.

ಆಸ್ಟ್ರಿಯಾ ದೇಶದಲ್ಲಿ, ಏಳು ಮಕ್ಕಳಿದ್ದ ಮನೆಗೆ ಶಿಕ್ಷಕಿಯಾಗಿ ಬಂದ ಮರಿಯಾ ಅವರ ನಿಜ ಜೀವನವೇ ಕಥೆಗೆ ಮೂಲ. ಹೊವಾರ್ಡ್ ಲಿಂಡ್ಸೆ, ರಸೆಲ್ ಕ್ರೌಸ್ ನಾಟಕ ಬರೆದರು. ಹಾಡುಗಳನ್ನು ಬರೆದವರು ಆಸ್ಕರ್ ಹ್ಯಾಮರ್‌ಸ್ಟೈನ್. ರಾಗ ಹಾಕಿದವರು ರಿಚರ್ಡ್ ರಾಜರ್ಸ್. ನಿರ್ದೇಶನ ವಿನ್ಸೆಂಟ್ ಡೊನೆಹ್ಯೂ ಅವರದು, ರಂಗಸಜ್ಜಿಕೆ ಆಲಿವರ್ ಸ್ಮಿತ್ ಅವರದು.

ಬಾಸ್ಟನ್ನಿನಲ್ಲಿ ಪ್ರಾಯೋಗಿಕ ಪ್ರದರ್ಶನ ನಡೆಯುತ್ತಿದ್ದಾಗ ಒಂದು ಕೊರತೆ ಕಂಡಿತು. ಹಿಟ್ಲರನ ಆಳ್ವಿಕೆಗೆ ತಲೆಬಾಗದೆ ತಾಯ್ನಾಡು ಬಿಡುವ ತಂದೆಗೆ ಒಂದು ವಿದಾಯದ ಹಾಡು ಬೇಕಿತ್ತು. ಆ ಪಾತ್ರ ಮಾಡುತ್ತಿದ್ದ ಥಿಯೊಡೋರ್ ಬೈಕೆಲ್ ಗಿಟಾರ್ ನುಡಿಸುತ್ತ ಜನಪದ ಗೀತೆ ಹಾಡುವುದರಲ್ಲಿ ನಿಪುಣರು. ಅವರಿಗೆಂದೇ ಹುಟ್ಟಿತು ‘ಎಡೆಲ್‌ವೈಸ್’: ಆಲ್ಪ್ಸ್ ಬೆಟ್ಟದ ಪುಟ್ಟ ಬಿಳಿ ಹೂವಿನ ಹಾಡು.

ಆಗ ಹ್ಯಾಮರ್‌ಸ್ಟೈನ್ ಅವರಿಗೆ ಕ್ಯಾನ್ಸರ್. 1960ರ ಆಗಸ್ಟಿನಲ್ಲಿ ತೀರಿಕೊಂಡರು. ರಾಜರ್ಸ್ ಜತೆ ಅವರು ಮಾಡಿದ ಕೊನೆಯ ಹಾಡು ಅದೇ.

ಅದು ಆಸ್ಟ್ರಿಯಾದ ಹಳೆಯ ಜನಪದ ಗೀತೆ ಎಂದೇ ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ಅಜ್ಜಿ ಗುನುಗಿದಾಗ, ಬರೆದವರ ಹೆಸರನ್ನು ನೀವು ಹೇಳಿ!