ಚುಕ್ಕಿ ಮಾಯವಾದರೆ ರೋಗ ಹೋಯಿತೆಂದಲ್ಲ

ಮೀನಿನ ಬಗ್ಗೆ ನಮ್ಮ ಮನೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾವು ತಿಳಿದುಕೊಂಡಿದ್ದೆವು. ಬಂಗುಡೆ ಇವತ್ತಿನದ್ದೋ, ಎರಡು ದಿನ ಐಸಿನಲ್ಲಿ ಮಲಗಿದ್ದೋ ಎಂದು ಉಮ್ಮ ಕಿವಿರು ಎತ್ತಿ ನೋಡಿ ಹೇಳಿಬಿಡುತ್ತಾರೆ. ಬೂತಾಯಿ ಸಾರಿಗೆ ಆಗುತ್ತದೋ ಕಾಯಿಸಲಿಕ್ಕೆ ಆಗುತ್ತದೋ ಎಂಬುದಕ್ಕೆ ಅವರಿಗೆ ಬುಟ್ಟಿಯನ್ನೊಮ್ಮೆ ಇಣುಕಿದರೆ ಸಾಕು. ಆದರೆ ಗಾಜಿನ ಪೆಟ್ಟಿಗೆಯೊಳಗೆ ಈಜಾಡುವ ಜೀವಂತ ಮೀನಿಗೆ ಕಾಯಿಲೆ ಬಂದರೆ ಎಂತ ಮಾಡಬೇಕು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಲಿಯುವಾಗ ಎರಡು ಮೀನು ಸತ್ತಿದ್ದವು.

ಟ್ಯಾಂಕ್ ಗಲ್ಫ್‌ನಲ್ಲಿರುವ ತಮ್ಮನ ಆಸೆ. ರಜೆಯಲ್ಲಿ ಬಂದವನು ಹಾಲ್‌ನ ಮೂಲೆಯಲ್ಲಿ ನಾಲ್ಕು ಅಡಿಯ ಟ್ಯಾಂಕ್ ಇಡಿಸಿದ. ಉಪ್ಪು ನೀರು, ಅಲೆ ಎಬ್ಬಿಸುವ ಪಂಪ್, ನೀಲಿ ಲೈಟ್, ಬಣ್ಣಬಣ್ಣದ ಅಣಬೆಯಂಥ ಮತ್ತು ಗುಂಡಿಯಂಥ ಮೃದು ಹವಳ, ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಒಂದು ಸಿಗಡಿ. ರಜೆ ಮುಗಿಸಿ ಹೋದ ಮೇಲೂ ರಾತ್ರಿ ವೀಡಿಯೊ ಕಾಲ್‌ನಲ್ಲಿ ಹೆಂಡತಿ, ಮಗನ ಮುಖ ನೋಡಿದ ಕೂಡಲೇ, 'ಫೋನ್ ಸ್ವಲ್ಪ ಟ್ಯಾಂಕ್ ಕಡೆ ತಿರುಗಿಸಿ' ಎನ್ನುತ್ತಿದ್ದ. ದಿನವಿಡೀ ದುಡಿದು ರೂಮಿಗೆ ಬಂದವನಿಗೆ ಅದೇ ಒಂದು ಖುಷಿ.

ತಮ್ಮನ ಆರು ವರ್ಷದ ಮಗನಿಗೆ 'ಡೋರಿ' ಬೇಕಿತ್ತು. ಸಿನಿಮಾದಲ್ಲಿ ನೋಡಿದ ಆ ನೀಲಿ ಮೀನು. ಹೆಸರು ಬ್ಲೂ ಟ್ಯಾಂಗ್. ದೊಡ್ಡದಾಗುವ ಮೀನು, ಅದಕ್ಕೆ ಆರು ಅಡಿಯ ಟ್ಯಾಂಕ್ ಬೇಕು ಎಂಬುದು ನನಗೆ ಆಮೇಲೆ ಗೊತ್ತಾದದ್ದು. ಒಂದು ಸಂಜೆ ಅಂಗಡಿಯಿಂದ ತಂದು, ಪ್ಲಾಸ್ಟಿಕ್ ಚೀಲವನ್ನು ಅರ್ಧ ಗಂಟೆ ತೇಲಿಸಿ, ನೇರ ಟ್ಯಾಂಕಿಗೆ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಐದನೆಯ ದಿನ ಟ್ಯಾಂಗ್‌ನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ಕಲ್ಲಿಗೆ ಮೈ ಉಜ್ಜುತ್ತಿತ್ತು. ಏಳನೆಯ ದಿನ ನೋಡಿದರೆ ಚುಕ್ಕಿಯೇ ಇಲ್ಲ! ಮನೆಯವರಿಗೆಲ್ಲ ಸಮಾಧಾನ. ನಾನಂತೂ ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಹೇಳಿದಂತೆ ಬೆಳ್ಳುಳ್ಳಿ ರಸ ಬೆರೆಸಿ ತಿಂಡಿ ಹಾಕಿದ್ದರಿಂದಲೇ ಗುಣವಾಯಿತು ಎಂದು ಬೀಗಿದೆ.

ಉಮ್ಮ ಮಾತ್ರ ಟ್ಯಾಂಕಿನ ಮುಂದೆ ಕುಳಿತು, 'ಮೋನೇ, ಇದರ ಕಿವಿರು ನೋಡು. ದಡದಲ್ಲಿ ಬಿದ್ದ ಮೀನಿನ ಹಾಗೆ ಬಡಿದುಕೊಳ್ತಾ ಉಂಟು. ಇದು ಸರಿ ಇಲ್ಲ' ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೆರಡನೆಯ ದಿನ ಚುಕ್ಕಿಗಳು ಮತ್ತೆ ಬಂದವು. ಈ ಸಲ ನೂರಾರು, ಅದೂ ನಾಲ್ಕೂ ಮೀನುಗಳ ಮೇಲೆ. ಹದಿನಾಲ್ಕನೆಯ ದಿನ ಟ್ಯಾಂಗ್ ತಳದಲ್ಲಿ ಮಲಗಿತ್ತು.

ಅವತ್ತು ರಾತ್ರಿ ತಮ್ಮನಿಗೆ ಫೋನ್ ತಿರುಗಿಸುವಾಗ ಹವಳದ ಕಡೆ ಮಾತ್ರ ತೋರಿಸಿದೆವು. 'ಡೋರಿ ನಿದ್ದೆ ಮಾಡ್ತಾ ಉಂಟು' ಎಂದು ಸುಳ್ಳು ಹೇಳಿದ್ದು ನಾನೇ.

ರೋಗ ಅಡಗಿ ಕೂರುವ ಜಾಗ

ಮಂಗಳೂರಿನಲ್ಲಿ 1969ರಿಂದಲೂ ಮೀನುಗಾರಿಕಾ ಕಾಲೇಜು ಇದೆ. ಅಲ್ಲಿ ಓದಿ ಹೊರಬಂದ ಪರಿಚಯದವರೊಬ್ಬರಿಗೆ ಕೊನೆಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, 'ಹೊಸ ಮೀನು ತಂದು ಎಷ್ಟು ದಿನ ಆಯಿತು?' ಎಂದು. ಎರಡನೆಯದು, 'ಟ್ಯಾಂಕಿಗೆ ಮದ್ದು ಎಂತಾದರೂ ಸುರಿದಿರಾ?' ಇಲ್ಲ ಎಂದೆ. 'ಪುಣ್ಯ. ಸುರಿಯಬೇಡಿ' ಎಂದರು.

ಈ ಬಿಳಿಚುಕ್ಕಿ ರೋಗ ತರುವುದು ಕ್ರಿಪ್ಟೊಕೇರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ ಜೀವಿ. ಸಿಹಿನೀರಿನ ಗೋಲ್ಡ್ ಫಿಶ್‌ಗೆ ಬರುವ ಬಿಳಿಚುಕ್ಕಿ ರೋಗದ ಜೀವಿಯೇ ಬೇರೆ. ನೋಡಲು ಒಂದೇ ತರಹ ಕಂಡರೂ ಒಂದರ ಚಿಕಿತ್ಸೆ ಇನ್ನೊಂದಕ್ಕೆ ನಡೆಯುವುದಿಲ್ಲ. ನೀರಿನ ಬಿಸಿ ಏರಿಸಿ, ಒಂದಿಷ್ಟು ಉಪ್ಪು ಹಾಕಿ ಎಂಬ ಸಲಹೆ ಸಿಹಿನೀರಿನವರದ್ದು.

ಈ ಜೀವಿಯ ಬದುಕಿಗೆ ನಾಲ್ಕು ಹಂತ. ಮೊದಲು ಮೀನಿನ ಚರ್ಮದೊಳಗೆ ಹೊಕ್ಕು 3ರಿಂದ 7 ದಿನ ತಿಂದು ಕೊಬ್ಬುತ್ತದೆ. ನಮಗೆ ಕಾಣುವ ಚುಕ್ಕಿ ಅದೇ. ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗೆ ಬಿದ್ದು ತೆವಳುತ್ತದೆ. ಮೂರನೆಯದಾಗಿ ಮರಳಿಗೋ ಕಲ್ಲಿಗೋ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಒಳಗೊಳಗೇ ಒಡೆದು ನೂರಾರಾಗುತ್ತದೆ. ಕವಚ ಬಿರಿದ ಮೇಲೆ ಆ ಮರಿಗಳು ಮೀನು ಹುಡುಕುತ್ತಾ ಈಜುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ.

ಏಳನೆಯ ದಿನ ಚುಕ್ಕಿ ಮಾಯವಾದದ್ದು ಬೆಳ್ಳುಳ್ಳಿಯಿಂದಲ್ಲ. ರೋಗ ಮೀನಿನಿಂದ ಇಳಿದು ಮರಳಿಗೆ ಹೋಗಿತ್ತು, ಅಷ್ಟೇ. ನಾವು ಖುಷಿಪಟ್ಟ ದಿನವೇ ಅದು ಮರಿ ಹಾಕುತ್ತಿತ್ತು. ಮೈಮೇಲೆ ಕಾಣುವುದಕ್ಕಿಂತ ಹೆಚ್ಚು ಕಿವಿರಿನೊಳಗೆ ಇರಬಹುದು. ಹಾಗಾಗಿ ಉಮ್ಮ ಹೇಳಿದ್ದೇ ಸರಿ. ಮಾರುಕಟ್ಟೆಯಲ್ಲಿ ಕಲಿತ ಕಣ್ಣು ನನ್ನ ವಾಟ್ಸ್‌ಆ್ಯಪ್‌ಗಿಂತ ಚುರುಕಾಗಿತ್ತು.

ಟ್ಯಾಂಕಿಗೆ ಮದ್ದು ಹಾಕಬಾರದೇಕೆ?

ಈ ರೋಗಕ್ಕೆ ಹಳೆಯ, ನಂಬಿಕೆಯ ಮದ್ದು ತಾಮ್ರ. ಈಜುವ ಮರಿಗಳನ್ನು ಅದು ಕೊಲ್ಲುತ್ತದೆ. ಆದರೆ ಹವಳ, ಸಿಗಡಿ, ಏಡಿ, ಬಸವನಹುಳು ಇವಕ್ಕೆಲ್ಲ ತಾಮ್ರ ವಿಷ. ಸಾಲದ್ದಕ್ಕೆ ಸುಣ್ಣದಂಶದ ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಆಮೇಲೆ ಮೆಲ್ಲಮೆಲ್ಲ ಬಿಡುತ್ತವೆ. ಒಮ್ಮೆ ತಾಮ್ರ ಬಿದ್ದ ಟ್ಯಾಂಕಿನಲ್ಲಿ ಮತ್ತೆ ಹವಳ ಸಾಕುವುದು ಕಷ್ಟ. 'ಹವಳಕ್ಕೂ ತೊಂದರೆಯಿಲ್ಲ, ರೋಗವೂ ಹೋಗುತ್ತದೆ' ಎಂದು ಮಾರುವ ಬಾಟಲಿಗಳನ್ನು ನಂಬಿ ಕೂತರೆ ದಿನ ಹೋಗುತ್ತದೆ, ಮೀನೂ ಹೋಗುತ್ತದೆ. ಶುಚಿ ಮಾಡುವ ಸಿಗಡಿ ಒಂದೆರಡು ಹುಳ ಹೆಕ್ಕೀತು, ಚರ್ಮದೊಳಗೆ ಹೊಕ್ಕ ರೋಗವನ್ನು ಮುಗಿಸಲಾರದು.

ದಾರಿ ಒಂದೇ: ಮೀನುಗಳನ್ನೆಲ್ಲ ಹೊರಗೆ ತೆಗೆಯಬೇಕು. ಚುಕ್ಕಿ ಇದ್ದದ್ದು, ಇಲ್ಲದ್ದು ಎಂಬ ಭೇದ ಬೇಡ. ಹವಳ, ಸಿಗಡಿ ಅಲ್ಲೇ ಇರಲಿ. ಮೀನಿಲ್ಲದ ಟ್ಯಾಂಕಿನಲ್ಲಿ ಈ ಜೀವಿಗೆ ಊಟ ಇಲ್ಲ. ಹೆಚ್ಚಿನ ಕವಚಗಳು ಒಂದು ತಿಂಗಳೊಳಗೆ ಒಡೆಯುತ್ತವೆ. ಆದರೆ 72 ದಿನದ ತನಕ ಒಡೆಯದೆ ಉಳಿದದ್ದೂ ದಾಖಲಾಗಿದೆ. ಅದಕ್ಕೇ ಮೀನು ಸಾಕುವವರು 76 ದಿನ ಟ್ಯಾಂಕನ್ನು ಮೀನಿಲ್ಲದೆ ಬಿಡುತ್ತಾರೆ.

'ಎರಡೂವರೆ ತಿಂಗಳು ಖಾಲಿ ಟ್ಯಾಂಕಾ?' ಎಂದು ಅಣ್ಣನ ಹೆಂಡತಿ ಕೇಳಿದರು. ಹೌದು, ಎರಡೂವರೆ ತಿಂಗಳು.

ಬಚ್ಚಲಿನ ಪಕ್ಕದ ಆಸ್ಪತ್ರೆ

60 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ, ಒಂದು ಏರ್ ಪಂಪ್, ಸ್ಪಂಜ್ ಫಿಲ್ಟರ್, ಮೀನು ಅಡಗಲು ನಾಲ್ಕು ತುಂಡು ಪಿವಿಸಿ ಪೈಪ್. ಇಷ್ಟೇ ನಮ್ಮ ಆಸ್ಪತ್ರೆ. ಮರಳು, ಕಲ್ಲು ಹಾಕಲಿಲ್ಲ. ಅವು ಮದ್ದನ್ನು ಹೀರುತ್ತವೆ.

ಮೂರು ಮೀನು ಹಿಡಿಯಲು ಮೂರು ಗಂಟೆ ಹಿಡಿಯಿತು. ಕಲ್ಲು ಎತ್ತಬೇಕು, ಹವಳಕ್ಕೆ ಏಟಾಗಬಾರದು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ರೋಗ ಸಾಯಲಿ ಎಂದು ಕಲ್ಲುಗಳನ್ನು ಬಿಸಿನೀರಿಗೆ ಹಾಕುವುದಾಗಲೀ ಕುದಿಸುವುದಾಗಲೀ ಬೇಡವೇ ಬೇಡ. ಗುಂಡಿಯಂತೆ ಕಾಣುವ ಕೆಲವು ಮೃದು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕುದಿಸಿದಾಗ ಏಳುವ ಹಬೆ ಉಸಿರಿಗೆ ಸೇರಿದರೆ ಮನೆಮಂದಿಯೇ ಆಸ್ಪತ್ರೆ ಸೇರಬೇಕಾದೀತು. ಗಾಯ ಇರುವ ಕೈಯನ್ನು ಟ್ಯಾಂಕಿಗೆ ಇಳಿಸಬಾರದು. ಕೈಗವಸು ಹಾಕಿಕೊಳ್ಳಿ.

ತಾಮ್ರದ ಮದ್ದಿನಲ್ಲಿ ಎರಡು ಬಗೆ ಇದೆ. ಎರಡರ ಪ್ರಮಾಣಕ್ಕೆ ಅಜಗಜಾಂತರ. ಬಾಟಲಿಯ ಮೇಲಿನ ಲೆಕ್ಕವನ್ನೇ ಹಿಡಿಯಬೇಕು, ಆ ಬಗೆಯ ತಾಮ್ರವನ್ನು ಅಳೆಯುವ ಟೆಸ್ಟ್ ಕಿಟ್ ಬೇಕೇ ಬೇಕು. ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ನಾವು ಎರಡು ದಿನದಲ್ಲಿ ಮೆಲ್ಲ ಏರಿಸಿ, 30 ದಿನ ಅದೇ ಮಟ್ಟದಲ್ಲಿ ಇಟ್ಟೆವು.

ಈ ಪೆಟ್ಟಿಗೆಯಲ್ಲಿ ಮೀನನ್ನು ಕೊಲ್ಲುವುದು ಹೆಚ್ಚಾಗಿ ರೋಗವಲ್ಲ, ಅಮೋನಿಯಾ. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ನೀರು ವಿಷವಾಗುತ್ತದೆ. ನಮ್ಮ ಡ್ಯಾಮ್ಸೆಲ್ ಮೂರನೆಯ ದಿನ ಸತ್ತದ್ದು ಬಹುಶಃ ಅದರಿಂದಲೇ. ಆಮೇಲೆ ಬುದ್ಧಿ ಬಂತು. ದಿನ ಬಿಟ್ಟು ದಿನ ಅರ್ಧ ನೀರು ಬದಲು, ಹೊಸ ನೀರಿಗೆ ಅಷ್ಟೇ ತಾಮ್ರ. ತಿಂಡಿ ಚಿಟಿಕೆಯಷ್ಟು ಮಾತ್ರ.

'ಸಮುದ್ರ ಪಕ್ಕದಲ್ಲೇ ಉಂಟಲ್ಲ, ಒಂದು ಕ್ಯಾನ್ ನೀರು ತನ್ನಿ' ಎಂದು ನೆರೆಮನೆಯ ಕಾಕ ಹೇಳಿದರು. ಆದರೆ ನಮ್ಮ ಕಡಲಿಗೆ ನೇತ್ರಾವತಿ, ಫಲ್ಗುಣಿ ಬಂದು ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನಲ್ಲಿ ಉಪ್ಪೇ ಇಳಿದುಹೋಗುತ್ತದೆ. ದೋಣಿಯ ಎಣ್ಣೆ, ಪೇಟೆಯ ಕೊಳೆ ಬೇರೆ. ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಸಾಂದ್ರತೆ 1.025 ಬರುವಂತೆ ಅಳೆದು ಹಾಕುವುದೇ ಸರಿ.

ದೊಡ್ಡ ಟ್ಯಾಂಕಿನ ಬಲೆ, ಬಕೆಟ್ ಪೆಟ್ಟಿಗೆಗೆ ಬಳಸಬಾರದು. ಒದ್ದೆ ಕೈಯಲ್ಲೂ ರೋಗ ದಾಟುತ್ತದೆ. ಉಮ್ಮ ಎರಡಕ್ಕೂ ಬೇರೆಬೇರೆ ಬಣ್ಣದ ಬಕೆಟ್ ಮಾಡಿಕೊಟ್ಟರು. ಅಡುಗೆಮನೆಯಲ್ಲಿ ಮೀನಿನ ಚಟ್ಟಿ ಬೇರೆ, ಹಾಲಿನ ಪಾತ್ರೆ ಬೇರೆ ಇಟ್ಟು ರೂಢಿ ಇದ್ದವರಿಗೆ ಅದೇನು ಹೊಸತಲ್ಲ.

ಎಲ್ಲ ಚುಕ್ಕಿಯೂ ಒಂದೇ ಅಲ್ಲ

ಮದ್ದು ಹಾಕುವ ಮೊದಲು ರೋಗ ಯಾವುದೆಂದು ನೋಡಬೇಕು. ರವೆಯಂತೆ ಬಿಡಿಬಿಡಿ ಚುಕ್ಕಿ ಇದ್ದರೆ ಮೇಲೆ ಹೇಳಿದ ಬಿಳಿಚುಕ್ಕಿ ರೋಗ. ಅರಿಸಿನ ಪುಡಿ ತೆಳ್ಳಗೆ ಉದುರಿಸಿದ ಹಾಗೆ ಕಂಡು, ಮೀನು ಏದುಸಿರು ಬಿಡುತ್ತಾ ಪಂಪಿನ ರಭಸಕ್ಕೆ ಮುಖ ಕೊಟ್ಟು ನಿಂತರೆ ಅದು ವೆಲ್ವೆಟ್. ಕೆಲವೇ ದಿನದಲ್ಲಿ ಟ್ಯಾಂಕ್ ಖಾಲಿ ಮಾಡುವಂಥದ್ದು. ಅದಕ್ಕೂ ತಾಮ್ರವೇ, ಆದರೆ ಅವತ್ತೇ ಶುರು ಮಾಡಬೇಕು.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಸುಲಿದು ಬರುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ. ಅದಕ್ಕೆ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ ಬೇಕು. ಮಕ್ಕಳಿರುವ ಮನೆಯಲ್ಲಿ ಬಲ್ಲವರಿಲ್ಲದೆ ಅದನ್ನು ಮುಟ್ಟಬೇಡಿ. ಕಣ್ಣು ಮಂಜಾಗಿ ಮೈ ಉಜ್ಜುತ್ತಿದ್ದರೆ ಚಪ್ಪಟೆ ಹುಳ ಇರಬಹುದು. ಅದಕ್ಕೆ ಪ್ರಾಜಿಕ್ವಾಂಟೆಲ್. ರೆಕ್ಕೆಯ ತುದಿಯಲ್ಲಿ ಹೂಕೋಸಿನಂಥ ಗಂಟು ಬಂದರೆ ಹೆದರಬೇಡಿ. ಅದು ವೈರಸ್, ನೀರು ಚೆನ್ನಾಗಿದ್ದರೆ ಹೆಚ್ಚಾಗಿ ತಾನಾಗಿ ಹೋಗುತ್ತದೆ. ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ಹಾಕಿದರೆ ಇವ್ಯಾವುವೂ ವಾಸಿಯಾಗುವುದಿಲ್ಲ.

ಕೊಳ್ಳುವ ಮೊದಲು

ಹೊಸ ಮೀನನ್ನು ಕನಿಷ್ಠ ನಾಲ್ಕರಿಂದ ಆರು ವಾರ ಬೇರೆ ಪೆಟ್ಟಿಗೆಯಲ್ಲಿಡಿ. ಕೊರೊನಾ ಕಾಲದಲ್ಲಿ ನಾವೆಲ್ಲ ಕ್ವಾರಂಟೈನ್ ಮಾಡಿದವರೇ, ಮೀನಿಗೆ ಮಾಡಲು ಕಷ್ಟವಿಲ್ಲ. ಅಂಗಡಿಯಲ್ಲಿ ಮೀನು ತಿಂಡಿ ತಿನ್ನುವುದನ್ನು ನೋಡಿಯೇ ದುಡ್ಡು ಕೊಡಿ. ಸಮುದ್ರದಿಂದ ಹಿಡಿದು ತಂದದ್ದಕ್ಕಿಂತ ತೊಟ್ಟಿಯಲ್ಲಿ ಮರಿ ಮಾಡಿದ ಮೀನು ವಾಸಿ. ಕ್ಲೌನ್ ಮೀನಿನ ಮರಿ ಮಾಡುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಹವಳದ ವಿಷಯದಲ್ಲಿ ಕಾನೂನೂ ಇದೆ. ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಒಂದು ತುಂಡು ತಂದರೂ ಹುಲಿ ಕೊಂದವನಂತೆ ಕೇಸು ಎದುರಿಸಬೇಕು. ನಮ್ಮ ಟ್ಯಾಂಕಿನ ಕಲ್ಲು ಮನುಷ್ಯರೇ ಮಾಡಿದ್ದು.

ತಮ್ಮನಿಗೆ ನಿಜ ಹೇಳಿದ್ದು ಅವನ ಮಗ. 'ಉಪ್ಪಾ, ಡೋರಿ ಸತ್ತುಹೋಯಿತು. ಮೂತ್ತಾಪ್ಪ ಸುಳ್ಳು ಹೇಳಿದ್ದು' ಎಂದುಬಿಟ್ಟ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಉಳಿದವು ಎಲ್ಲುಂಟು? ತೋರಿಸಿ' ಎಂದ. ಬಚ್ಚಲಿನ ಪಕ್ಕದ ಪೆಟ್ಟಿಗೆ ತೋರಿಸಿದೆವು. ಅಂದಿನಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುವುದು ಮಗನ ಕೆಲಸ, ಎಷ್ಟಾಯಿತು ಎಂದು ಕೇಳುವುದು ಅಪ್ಪನ ಕೆಲಸ.

76ನೆಯ ಗೀಟು ಬಿದ್ದ ಸಂಜೆ ಎರಡು ಕ್ಲೌನ್ ಮೀನು ಟ್ಯಾಂಕಿಗೆ ಮರಳಿದವು. ಅರ್ಧ ಗಂಟೆ ಮೂಲೆಯಲ್ಲಿದ್ದು, ಮತ್ತೆ ತಮ್ಮ ಹಳೆಯ ಹವಳದ ಹತ್ತಿರ ಹೋಗಿ ನಿಂತವು. ಈಗ ಹೊಸ ಮೀನು ಬೇಕೆಂದು ತಮ್ಮನ ಮಗ ಹಟ ಮಾಡುವುದಿಲ್ಲ. 'ಮೊದಲು ಪೆಟ್ಟಿಗೆಯಲ್ಲಿ ಇಡಬೇಕು' ಎಂದು ಅವನೇ ಬೇರೆಯವರಿಗೆ ಹೇಳುತ್ತಾನೆ. ಉಮ್ಮ ಬೆಳಿಗ್ಗೆ ಚಹಾದ ಗ್ಲಾಸು ಹಿಡಿದು ಟ್ಯಾಂಕಿನ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಕಿವಿರು ನೋಡುತ್ತಾರೆ. 'ಇವತ್ತು ಸರಿ ಉಂಟು' ಎಂದ ಮೇಲೆಯೇ ಮೀನಿನವನ ಹಾರ್ನ್‌ಗೆ ಕಿವಿಗೊಟ್ಟು ಗೇಟಿನ ಕಡೆ ಹೋಗುವುದು.