ಗುಡ್ಡದ ಹುಲ್ಲಿಗೆ ಯಾವ ಯಂತ್ರ?

ಸ್ವಿಟ್ಜರ್ಲೆಂಡಿನಲ್ಲಿ ಹುಲ್ಲುಗಾವಲಿನ ಇಳಿಜಾರನ್ನು ಅಳೆದು ರೈತರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಶೇಕಡ 18ರಿಂದ 35ರವರೆಗಿನ ಇಳಿಜಾರಿಗೆ ಒಂದು ದರ, 35ರಿಂದ 50ರವರೆಗೆ ಅದಕ್ಕಿಂತ ಜಾಸ್ತಿ, 50 ದಾಟಿದರೆ ಇನ್ನೂ ಜಾಸ್ತಿ. ನೆಲ ಕಡಿದಾದಷ್ಟೂ ಹುಲ್ಲು ಕೊಯ್ಯುವ ಕೆಲಸ ನಿಧಾನವಾಗುತ್ತದೆ, ಖರ್ಚು ಏರುತ್ತದೆ, ಅಪಾಯವೂ ಹೆಚ್ಚುತ್ತದೆ ಎಂಬುದನ್ನು ಆ ದೇಶ ಲೆಕ್ಕಕ್ಕೆ ತೆಗೆದುಕೊಂಡಿದೆ. ಕೊಯ್ಯದೆ ಬಿಟ್ಟರೆ ಉದ್ದ ಬೆಳೆದ ಹುಲ್ಲು ಚಳಿಗಾಲದಲ್ಲಿ ನೆಲಕ್ಕೆ ಒರಗಿ, ಅದರ ಮೇಲೆ ಕೂತ ಹಿಮ ಸಲೀಸಾಗಿ ಜಾರುತ್ತದೆ. ಹಾಗಾಗಿ ಊರಿ ಪ್ರಾಂತ್ಯದ ಕೆಲವು ಕಡಿದಾದ ಬೆಟ್ಟಗಳಲ್ಲಿ ಇಂದಿಗೂ ರೈತರು ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಂತಿಗೆ ತೂಗುಹಾಕಿ ಕೆಳಗಿಳಿಸುತ್ತಾರೆ.

ಯಂತ್ರ ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಆಲ್ಪ್ಸ್ ಪರ್ವತದ ರೈತರು ತಲೆಮಾರುಗಳಿಂದ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ಅದೇ ಪ್ರಶ್ನೆ ಈಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯೂ ಇದೆ. ಗುಡ್ಡದ ಮೇಲಿನ ಹೋಂಸ್ಟೇ, ತೋಟದ ಬಂಗಲೆಯ ಮುಂದಿನ ಹುಲ್ಲುಹಾಸು, ಮನೆಯ ಹಿಂದಿನ ದರೆ ಎಲ್ಲವೂ ಓರೆ ನೆಲವೇ. ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಇಳಿಜಾರಿನಲ್ಲಿ ಎಚ್‌ಪಿಗಿಂತ ಮುಖ್ಯವಾದ ಸಂಗತಿಗಳು ನಾಲ್ಕಿವೆ: ಯಂತ್ರದ ಭಾರ ಎಷ್ಟು ಎತ್ತರದಲ್ಲಿ ಕೂತಿದೆ, ಅದು ನೆಲವನ್ನು ಹೇಗೆ ಹಿಡಿಯುತ್ತದೆ, ಓರೆಯಾದಾಗ ಎಂಜಿನ್ನಿನ ಆಯಿಲ್ ಎಲ್ಲಿಗೆ ಹೋಗುತ್ತದೆ, ಕಾಲು ಜಾರಿದರೆ ಮನುಷ್ಯ ಎಲ್ಲಿ ಬೀಳುತ್ತಾನೆ.

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದೇ ಸಮತಟ್ಟಾದ ನೆಲಕ್ಕಾಗಿ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸುತ್ತಿದ್ದ ಗಿರಣಿ ಯಂತ್ರವೇ ಅವನಿಗೆ ಮಾದರಿಯಾಗಿತ್ತು. ಹಿಂದೆ ಕಬ್ಬಿಣದ ಭಾರವಾದ ಉರುಳೆ, ಮುಂದೆ ಸುತ್ತುವ ಅಲಗುಗಳು. ಚಪ್ಪಟೆ ಮೈದಾನದಲ್ಲಿ ಅದು ಚೆಂದವಾಗಿ ಕೆಲಸ ಮಾಡಿತು. ಮುಂದೆ ಬಂದ ತಳ್ಳುವ ಯಂತ್ರ, ಕೂತು ಓಡಿಸುವ ಯಂತ್ರಗಳಲ್ಲಿ ಹೆಚ್ಚಿನವು ಇದೇ ಸಮತಟ್ಟು ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು.

ಯಂತ್ರ ನೋಡುವ ಮೊದಲು ನೆಲ ಅಳೆಯಬೇಕು. ಅದಕ್ಕೆ ಒಂದು ಮೀಟರ್ ಉದ್ದದ ಹಲಗೆ, ಗಾರೆ ಕೆಲಸದವರ ರಸಮಟ್ಟ, ಒಂದು ಟೇಪು ಇದ್ದರೆ ಸಾಕು. ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಯ ನೆಲಕ್ಕೆ ತಾಗಿಸಿ, ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವಂತೆ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಬೇಕು. ಎತ್ತಿ ಹಿಡಿದ ತುದಿಯಿಂದ ನೆಲ ಎಷ್ಟು ಸೆಂಟಿಮೀಟರ್ ಕೆಳಗಿದೆಯೋ ಅಷ್ಟೇ ಶೇಕಡ ಇಳಿಜಾರು. 27 ಸೆಂ.ಮೀ. ಬಂದರೆ ಅದು 15 ಡಿಗ್ರಿ. 36 ಬಂದರೆ 20 ಡಿಗ್ರಿ, 58 ಬಂದರೆ 30 ಡಿಗ್ರಿ. ಶೇಕಡ 100 ಎಂದರೆ ನೆಟ್ಟಗೆ ನಿಂತ ಗೋಡೆಯಲ್ಲ, 45 ಡಿಗ್ರಿ ಮಾತ್ರ. ಕಂಪನಿಗಳ ಕರಪತ್ರದಲ್ಲಿ ಒಂದು ಕಡೆ ಡಿಗ್ರಿ, ಇನ್ನೊಂದು ಕಡೆ ಶೇಕಡ ಬರೆದಿರುತ್ತಾರೆ. ಹೋಲಿಸುವಾಗ ಈ ಎರಡನ್ನೂ ಬೆರೆಸಬಾರದು. ಅಳತೆಯನ್ನೂ ಒಂದೇ ಕಡೆ ತೆಗೆದರೆ ಸಾಲದು. ಅತಿ ಕಡಿದಾದ ಜಾಗ ಎಲ್ಲಿದೆಯೋ ಯಂತ್ರವನ್ನು ಆರಿಸುವುದು ಅದರ ಲೆಕ್ಕದಲ್ಲಿ.

ಕೂತು ಓಡಿಸುವ ಯಂತ್ರಗಳಿಗೆ ತಯಾರಕರು ಸಾಮಾನ್ಯವಾಗಿ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಮಿತಿ ಹಾಕಿರುತ್ತಾರೆ. ಅದು ಅತಿಯಾದ ಎಚ್ಚರಿಕೆ ಎಂದುಕೊಳ್ಳುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಚಕ್ರಗಳ ನಡುವೆ 80 ಸೆಂ.ಮೀ. ಅಂತರವಿರುವ 180 ಕಿಲೋ ತೂಕದ ಯಂತ್ರವೊಂದಿದೆ ಎಂದಿಟ್ಟುಕೊಳ್ಳಿ. ಅದರ ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದ್ದರೆ, ಖಾಲಿ ಯಂತ್ರ ಪಕ್ಕಕ್ಕೆ ಮಗುಚಲು ನೆಲ ಸುಮಾರು 41 ಡಿಗ್ರಿ ಓರೆಯಾಗಬೇಕು. ಅದರ ಮೇಲೆ 70 ಕಿಲೋ ತೂಕದ ವ್ಯಕ್ತಿ ಕೂತ ಕೂಡಲೇ ಒಟ್ಟು ಭಾರದ ಕೇಂದ್ರ 59 ಸೆಂ.ಮೀ.ಗೆ ಏರಿ, ಮಗುಚುವ ಕೋನ 34 ಡಿಗ್ರಿಗೆ ಇಳಿಯುತ್ತದೆ. ಕೆಳಬದಿಯ ಚಕ್ರ 15 ಸೆಂ.ಮೀ. ಆಳದ ಗುಂಡಿಗೆ ಇಳಿದರೆ ಅದರಲ್ಲಿ 10 ಡಿಗ್ರಿ ಹೋಯಿತು. ಗಂಟೆಗೆ 8 ಕಿ.ಮೀ. ವೇಗದಲ್ಲಿ, 2 ಮೀಟರ್ ತ್ರಿಜ್ಯದಲ್ಲಿ ಮೇಲ್ಬದಿಗೆ ತಿರುಗಿಸಿದರೆ ಹೊರಕ್ಕೆ ಎಳೆಯುವ ಬಲ ಇನ್ನೂ 14 ಡಿಗ್ರಿಯನ್ನು ತಿಂದುಹಾಕುತ್ತದೆ. 41 ಡಿಗ್ರಿಯಿಂದ ಶುರುವಾದ ಲೆಕ್ಕದಲ್ಲಿ ಉಳಿದದ್ದು ಹತ್ತೇ ಡಿಗ್ರಿ.

ಮಗುಚುವುದಕ್ಕಿಂತ ಮೊದಲೇ ಜಾರುವುದೂ ಉಂಟು. 15 ಡಿಗ್ರಿ ಇಳಿಜಾರಿನಲ್ಲಿ ಯಂತ್ರದ ತೂಕದ ಕಾಲುಭಾಗಕ್ಕಿಂತ ತುಸು ಹೆಚ್ಚು, 30 ಡಿಗ್ರಿಯಲ್ಲಿ ಸರಿಯಾಗಿ ಅರ್ಧಭಾಗ ಕೆಳಕ್ಕೆ ಎಳೆಯುತ್ತಿರುತ್ತದೆ. ಅದನ್ನು ತಡೆಯುವುದು ಟೈರು ಮತ್ತು ಹುಲ್ಲಿನ ನಡುವಿನ ಘರ್ಷಣೆ ಮಾತ್ರ. ಸಾಮಾನ್ಯ ಲಾನ್ ಟ್ರ್ಯಾಕ್ಟರಿನಲ್ಲಿ ಎಂಜಿನ್ ಬಲವೂ ಬ್ರೇಕೂ ಹಿಂದಿನ ಚಕ್ರಗಳಿಗೇ ಸೇರಿರುತ್ತವೆ. ಇಳಿಯುವಾಗ ಭಾರ ಮುಂದಿನ ಚಕ್ರಗಳ ಮೇಲೆ ವಾಲುವುದರಿಂದ ಹಿಂದಿನ ಚಕ್ರಗಳು ಹಗುರಾಗುತ್ತವೆ, ಬ್ರೇಕು ಬೇಕಾದ ಹೊತ್ತಿನಲ್ಲೇ ಹಿಡಿತ ಸಡಿಲವಾಗುತ್ತದೆ. ನಿಂತಲ್ಲೇ ತಿರುಗಬಲ್ಲ ಝೀರೋ ಟರ್ನ್ ಯಂತ್ರಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವುಗಳ ಮುಂದಿನ ಪುಟ್ಟ ಚಕ್ರಗಳು ಸುಮ್ಮನೆ ತಿರುಗುತ್ತಿರುತ್ತವೆ. ದಿಕ್ಕು ಬದಲಿಸುವುದು ಹಿಂದಿನ ಎರಡು ಚಕ್ರಗಳ ವೇಗದ ವ್ಯತ್ಯಾಸ. ಆ ಚಕ್ರಗಳು ಜಾರಿದರೆ ಬ್ರೇಕಿನ ಜೊತೆಗೆ ಸ್ಟಿಯರಿಂಗೂ ಹೋದಂತೆ. ಗುಡ್ಡದ ಮೇಲೆ ಕೂತು ಓಡಿಸುವ ಯಂತ್ರವೇ ಬೇಕೆಂದರೆ ನಾಲ್ಕೂ ಚಕ್ರಗಳಿಗೆ ಬಲ ಹೋಗುವ, ಅಗಲವಾದ, ತಗ್ಗಾದ, ಉರುಳಿದಾಗ ಕಾಪಾಡುವ ಕಮಾನು ಮತ್ತು ಸೀಟ್ ಬೆಲ್ಟ್ ಇರುವ ಮಾದರಿಯನ್ನೇ ನೋಡಬೇಕು. ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣಾ ಚೌಕಟ್ಟನ್ನು ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತು. ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಆಮೇಲೆ ಗಣನೀಯವಾಗಿ ಇಳಿಯಿತು.

ಯಾವ ದಿಕ್ಕಿನಲ್ಲಿ ನಡೆಸಬೇಕು ಎಂಬುದು ಯಂತ್ರದ ಮೇಲೆ ನಿಂತಿದೆ. ಕೂತು ಓಡಿಸುವ ಯಂತ್ರವನ್ನು ಇಳಿಜಾರಿನ ನೇರಕ್ಕೆ, ಅಂದರೆ ಮೇಲಕ್ಕೂ ಕೆಳಕ್ಕೂ ಓಡಿಸಬೇಕು; ಅದಕ್ಕೆ ಪಕ್ಕಕ್ಕೆ ಮಗುಚುವ ಭಯ. ಹಿಂದಿನಿಂದ ತಳ್ಳುವ ಯಂತ್ರವನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಬೇಕು. ಮೇಲಕ್ಕೆ ತಳ್ಳುವಾಗ ಕಾಲು ಜಾರಿದರೆ ಅದು ಹಿಂದಕ್ಕುರುಳಿ ಪಾದದ ಮೇಲೆ ಬರುತ್ತದೆ, ಕೆಳಕ್ಕೆ ಇಳಿಸುವಾಗ ಜಾರಿದರೆ ಕಾಲೇ ಅದರಡಿಗೆ ಹೋಗುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡ ಬ್ಲೇಡಿನ ತುದಿಗೆ ಕೊಟ್ಟಿರುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 96 ಮೀಟರ್. ಕೈ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕೆಂಬ ನಿಯಮ ಆ ದೇಶದಲ್ಲಿ 1982ರಲ್ಲಿ ಜಾರಿಗೆ ಬಂತು. ಹಿಡಿಯ ಮೇಲಿರುವ, ಕೈ ಬಿಟ್ಟರೆ ಬ್ಲೇಡು ನಿಲ್ಲಿಸುವ ಅಡ್ಡಸರಳನ್ನು ಕೆಲಸ ಸುಲಭವಾಗಲೆಂದು ದಾರ ಸುತ್ತಿ ಕಟ್ಟಿಹಾಕುವವರು ಆ 3 ಸೆಕೆಂಡಿನ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾರೆ.

ಇನ್ನು ಎಂಜಿನ್ನಿನ ಒಳಗಿನ ಮಾತು. ತಳ್ಳುವ ಯಂತ್ರಗಳಲ್ಲಿರುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಆಯಿಲ್ ತಳದಲ್ಲಿ ನಿಂತಿರುತ್ತದೆ. ತಿರುಗುವ ಒಂದು ಸಣ್ಣ ಭಾಗ ಅದರಲ್ಲಿ ಮುಳುಗಿ ಎದ್ದು, ಆಯಿಲನ್ನು ಮೇಲಕ್ಕೆ ಎರಚಿ ಒಳಭಾಗಗಳನ್ನು ನೆನೆಸುತ್ತಿರುತ್ತದೆ. ಯಂತ್ರ ಬಹಳ ಹೊತ್ತು ಓರೆಯಾಗಿ ನಡೆದರೆ ಆಯಿಲ್ ಒಂದು ಪಕ್ಕಕ್ಕೆ ಸರಿದು ಎರಚುವ ಭಾಗಕ್ಕೆ ಸಿಗುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗದು. ಒಳಗೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಾಳಾಗುತ್ತದೆ. ಹಾಗಾಗಿ ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ 15ರಿಂದ 20 ಡಿಗ್ರಿಯ ಮಿತಿ ಇರುತ್ತದೆ. ಟು ಸ್ಟ್ರೋಕ್ ಎಂಜಿನ್ನಿಗೆ ಈ ಚಿಂತೆಯಿಲ್ಲ, ಏಕೆಂದರೆ ಅದರ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. 50ಕ್ಕೆ 1ರ ಅಳತೆಯ ಯಂತ್ರವಾದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಹೋಂಡಾದ ಜಿಎಕ್ಸ್35ರಂಥ ಪುಟ್ಟ ಫೋರ್ ಸ್ಟ್ರೋಕ್ ಎಂಜಿನ್ನುಗಳು ಆಯಿಲನ್ನು ಮಂಜಿನ ಹನಿಗಳಾಗಿಸಿ ಒಳಗೆಲ್ಲ ಹರಡುವುದರಿಂದ ಯಾವ ಕೋನದಲ್ಲಿ ಹಿಡಿದರೂ ಕೆಲಸ ಮಾಡುತ್ತವೆ. ಬ್ಯಾಟರಿ ಯಂತ್ರಗಳಲ್ಲಿ ಈ ಸಮಸ್ಯೆಯೇ ಇಲ್ಲ.

ಮಲೆನಾಡಿನಲ್ಲಿ ‘ಕಳೆ ಹೊಡೆಯುವ ಮಿಷನ್’ ಎಂದೇ ಕರೆಯುವ ಬ್ರಷ್ ಕಟರ್ ಇಳಿಜಾರಿನಲ್ಲಿ ಗೆದ್ದಿರುವ ಕಾರಣ ಇಲ್ಲೇ ಇದೆ. ಚಕ್ರವೇ ಇಲ್ಲದ್ದರಿಂದ ಮಗುಚುವ ಪ್ರಶ್ನೆಯಿಲ್ಲ. ತೂಕ 7-8 ಕಿಲೋ ಅಷ್ಟೇ. ಇದರ ನೈಲಾನ್ ದಾರದ ತಲೆ ಬಂದದ್ದು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬ್ಯಾಲಸ್ ಅವರಿಂದ. ಕಾರು ತೊಳೆಯುವ ಯಂತ್ರದ ತಿರುಗುವ ಬ್ರಷ್‌ಗಳನ್ನು ನೋಡಿದ ಅವರು 1971ರಲ್ಲಿ ಒಂದು ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರ ಸಿಕ್ಕಿಸಿ ಮೊದಲ ಮಾದರಿ ಮಾಡಿದರು. ಹುಲ್ಲುಹಾಸಿಗೆ, ಕಲ್ಲಿನ ಪಕ್ಕಕ್ಕೆ ದಾರವೇ ಒಳ್ಳೆಯದು. ಪೊದೆ, ಮುಳ್ಳು, ದಪ್ಪ ಕಾಂಡಕ್ಕೆ ಮಾತ್ರ ಲೋಹದ ಬ್ಲೇಡು. ಬ್ಲೇಡು ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ, ಎಡ ಅಂಚಿನಿಂದ ಕತ್ತರಿಸುವುದು ಕ್ರಮ. ಮುಂದಿನ ಬಲ ಅಂಚು ಕಲ್ಲಿಗೋ ಬೇರಿಗೋ ತಾಗಿದರೆ ಇಡೀ ಕೋಲು ಬಲಕ್ಕೆ ಒದೆಯುತ್ತದೆ, ಇಳಿಜಾರಿನಲ್ಲಿ ನಿಂತವರ ಸಮತೋಲ ತಪ್ಪಿಸಲು ಅಷ್ಟು ಸಾಕು.

ಬ್ರಷ್ ಕಟರಿನಲ್ಲೂ ಆಯ್ಕೆಯಿದೆ. ಹೆಗಲ ಪಟ್ಟಿಗೆ ತೂಗುವ ಮಾದರಿಯ ಕೋಲಿನ ಒಂದು ತುದಿಯಲ್ಲಿ ಬ್ಲೇಡು, ಇನ್ನೊಂದು ತುದಿಯಲ್ಲಿ ಎಂಜಿನ್. ಕಡಿದಾದ ಕಡೆ ಹಿಂದಿನ ತುದಿಯ ಎಂಜಿನ್ ದರೆಗೆ ಬಡಿಯುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ಮಾದರಿಯಲ್ಲಿ ಎಂಜಿನ್ ಬೆನ್ನ ಮೇಲೆ ನೆಟ್ಟಗೇ ಇರುತ್ತದೆ, ಬಾಗುವ ಕೊಳವೆಯ ಮೂಲಕ ಬಲ ಕೋಲಿಗೆ ಹರಿಯುತ್ತದೆ. ಕೋಲನ್ನು ಮೇಲಿನ ದರೆಗೂ ಕೆಳಗಿನ ಅಂಚಿಗೂ ಸಲೀಸಾಗಿ ಚಾಚಬಹುದು. ತೂಕ ತುಸು ಹೆಚ್ಚಾದರೂ ಮೆಟ್ಟಿಲು ಮೆಟ್ಟಿಲಾದ ತೋಟಗಳಿಗೆ ಇದು ಅನುಕೂಲ. ಯಾವುದೇ ಮಾದರಿಯಾದರೂ ಕಣ್ಣಿಗೆ ಕನ್ನಡಕ, ಕಾಲಿಗೆ ಹಿಡಿತವಿರುವ ಬೂಟು ಬೇಕೇ ಬೇಕು. ಸುತ್ತಮುತ್ತ, ಅದರಲ್ಲೂ ಕೆಳಗಡೆ, ಯಾರೂ ನಿಂತಿರಬಾರದು. ಸಿಡಿದ ಕಲ್ಲು ಇಳಿಜಾರಿನಲ್ಲಿ ಬಹಳ ದೂರ ಹೋಗುತ್ತದೆ.

ಚಕ್ರವಿಲ್ಲದ ಇನ್ನೊಂದು ಯಂತ್ರ ಗಾಳಿಯ ಮೇಲೆ ತೇಲುತ್ತದೆ. ಕ್ರಿಸ್ಟೋಫರ್ ಕಾಕೆರೆಲ್ ಅವರ ಹೋವರ್‌ಕ್ರಾಫ್ಟ್ ಕಂಡು ಪ್ರೇರಿತರಾದ ಸ್ವೀಡನ್ನಿನ ಕಾರ್ಲ್ ಡಾಲ್ಮನ್ 1960ರ ದಶಕದಲ್ಲಿ ‘ಫ್ಲೈಮೋ’ ತಯಾರಿಸಿದರು. ಬ್ಲೇಡಿನ ಮೇಲಿರುವ ಫ್ಯಾನು ಕೆಳಕ್ಕೆ ಗಾಳಿ ತುಂಬಿ ಯಂತ್ರವನ್ನು ನೆಲದಿಂದ ತುಸು ಎತ್ತುತ್ತದೆ. ಅದನ್ನು ಯಾವ ದಿಕ್ಕಿಗಾದರೂ ತೂಗಿದಂತೆ ಓಡಾಡಿಸಬಹುದು. ಗಾಲ್ಫ್ ಮೈದಾನಗಳ ಮರಳುಗುಂಡಿಯ ಕಡಿದಾದ ಅಂಚುಗಳಿಗೆ ಈ ಬಗೆಯ ಯಂತ್ರ ಬಳಸುತ್ತಾರೆ. ಹುಲ್ಲು ಆಳೆತ್ತರ ಬೆಳೆದಿದ್ದರೆ ಮಾತ್ರ ಇದು ಕೆಲಸಕ್ಕೆ ಬಾರದು.

ದೊಡ್ಡ ವಿಸ್ತಾರಕ್ಕೆ ಆಲ್ಪ್ಸ್‌ನ ಉತ್ತರ ಬೇರೆಯೇ. ಅಲ್ಲಿಯ ಎರಡು ಚಕ್ರದ ಮೋಟಾರು ಕೊಯ್ಲು ಯಂತ್ರದಲ್ಲಿ ಅಚ್ಚು ಅಗಲ, ಎತ್ತರ ಕಡಿಮೆ, ಚಕ್ರಗಳಿಗೆ ಕಬ್ಬಿಣದ ಮುಳ್ಳು. ಮುಂದಿರುವ ಹಲ್ಲುಪಟ್ಟಿಯ ಕತ್ತರಿ ಅತ್ತಿತ್ತ ಆಡಿ ಬುಡದಲ್ಲೇ ಕೊಯ್ಯುತ್ತದೆ. ನಡೆಸುವವರು ಅದರ ಮೇಲೆ ಕೂರುವುದಿಲ್ಲ, ಹಿಂದೆ ನಡೆಯುತ್ತಾರೆ. ಸ್ವಿಟ್ಜರ್ಲೆಂಡಿನ ಏಬಿ ಕಂಪನಿಯ ಟೆರಾಟ್ರ್ಯಾಕ್, ಆಸ್ಟ್ರಿಯಾದ ರಿಫಾರ್ಮ್ ಕಂಪನಿಯ ಮೆಟ್ರ್ಯಾಕ್ ಇವು ಕೂತು ಓಡಿಸುವ, ನೆಲಕ್ಕೆ ಅಂಟಿಕೊಂಡಷ್ಟು ತಗ್ಗಾದ, ನಾಲ್ಕೂ ಚಕ್ರಗಳ ದಿಕ್ಕು ಬದಲಿಸಬಲ್ಲ ವಾಹನಗಳು. ಜೆಕ್ ದೇಶದ ‘ಸ್ಪೈಡರ್’ ಮನುಷ್ಯನನ್ನು ಇಳಿಜಾರಿನಿಂದಲೇ ಹೊರಗಿಟ್ಟಿತು. ರಿಮೋಟ್ ಹಿಡಿದವರು ಸಮತಟ್ಟಾದ ಕಡೆ ನಿಂತರೆ ಯಂತ್ರ ಸುಮಾರು 40 ಡಿಗ್ರಿಯವರೆಗೆ ತಾನೇ ಹೋಗುತ್ತದೆ, ಹಗ್ಗದ ವಿಂಚ್ ಕಟ್ಟಿದರೆ 55 ಡಿಗ್ರಿಯವರೆಗೂ. ಮನೆಯಂಗಳಕ್ಕೆ ರೋಬಾಟುಗಳೂ ಬಂದಿವೆ. ಹಸ್ಕ್‌ವಾರ್ನಾದ ಆಲ್ ವ್ಹೀಲ್ ಡ್ರೈವ್ ಮಾದರಿ ಶೇಕಡ 70, ಅಂದರೆ 35 ಡಿಗ್ರಿ ಏರುತ್ತದೆ. ಬೆಲೆ ದೊಡ್ಡದಾದರೂ ಬ್ಲೇಡಿನ ಹತ್ತಿರ ಮನುಷ್ಯನಿಲ್ಲ ಎಂಬುದು ಇವುಗಳ ನಿಜವಾದ ಲಾಭ.

ನೆಲ ಒಂದೇ ಸಮ ಓರೆಯಾಗಿರದೆ ಉಬ್ಬುತಗ್ಗಾಗಿದ್ದರೆ ಯಂತ್ರದ ಅಗಲವನ್ನೂ ನೋಡಬೇಕು. ಅಗಲವಾದ ಯಂತ್ರ ಉಬ್ಬಿನ ಮೇಲೆ ಬಂದಾಗ ನಡುವಿನ ಹುಲ್ಲನ್ನು ಬೇರಿನವರೆಗೆ ಬೋಳಿಸಿ, ತಗ್ಗಿನ ಹುಲ್ಲನ್ನು ಹಾಗೇ ಬಿಡುತ್ತದೆ. ಬೋಳಾದ ಜಾಗದ ಮಣ್ಣು ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಇದು ಸಣ್ಣ ವಿಷಯವಲ್ಲ. ಮಳೆಗಾಲದ ಇನ್ನೊಂದು ತೊಡಕೆಂದರೆ ಹುಲ್ಲು ಅತಿ ವೇಗವಾಗಿ ಬೆಳೆಯುವುದೂ ನೆಲ ಅತಿ ಹೆಚ್ಚು ಜಾರುವುದೂ ಒಂದೇ ಕಾಲದಲ್ಲಿ. ಬಿಸಿಲು ಕಂಡು ಹುಲ್ಲು ಒಣಗುವವರೆಗೆ ಚಕ್ರದ ಯಂತ್ರವನ್ನು ಹೊರಗೆ ತೆಗೆಯದಿರುವುದೇ ಸರಿ.

ಗುಡ್ಡದ ಮೇಲಿನ ಒಂದು ಮನೆಯಂಗಳವನ್ನು ಈ ಲೆಕ್ಕದಲ್ಲಿ ಹಂಚಿ ನೋಡಬಹುದು. ಮನೆಯ ಹತ್ತಿರದ, ಹಲಗೆಯ ಅಳತೆಯಲ್ಲಿ 25 ಸೆಂ.ಮೀ. ಒಳಗೆ ಬರುವ ಭಾಗಕ್ಕೆ 18 ಅಥವಾ 20 ಇಂಚಿನ, ಹಿಂದಿನ ಚಕ್ರಗಳಿಗೆ ಬಲವಿರುವ, ನಡೆದುಕೊಂಡು ನಡೆಸುವ ಯಂತ್ರ ಸಾಕು. ನಡುವಿನ 25ರಿಂದ 50 ಸೆಂ.ಮೀ. ಭಾಗಕ್ಕೆ ದಾರ ಹಾಕಿದ ಬ್ರಷ್ ಕಟರ್. ಅದರಾಚೆಯ ದರೆಯಲ್ಲಿ ಹುಲ್ಲುಹಾಸಿನ ಆಸೆಯನ್ನೇ ಬಿಟ್ಟು, ಮಳೆಗಾಲದ ಆರಂಭದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು, ಒತ್ತೊತ್ತಾಗಿ ಲಾವಂಚ ನೆಡಬಹುದು. ಅದರ ಬೇರು 3 ಮೀಟರ್ ಆಳದವರೆಗೂ ಇಳಿದು ಮಣ್ಣು ಹಿಡಿಯುತ್ತದೆ. ಬುಡಗಳು ಹಬ್ಬಿ ಸಾಲು ಮುಚ್ಚಿಕೊಂಡ ಮೇಲೆ ವರ್ಷಕ್ಕೆ ಒಂದೆರಡು ಬಾರಿ, ನೆಲ ಒಣಗಿದಾಗ ಅದೇ ಬ್ರಷ್ ಕಟರಿನಿಂದ ತುದಿ ಸವರಿದರೆ ಆ ಭಾಗದ ಕೆಲಸ ಮುಗಿಯುತ್ತದೆ.