ಸಿಂಹಾಸನಗಳ ಚಿತ್ರಕಾರ ವಿಂಟರ್‌ಹಾಲ್ಟರ್

1852ರಲ್ಲಿ ಕೊಡಗಿನ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಭಾವಚಿತ್ರ ಇಂಗ್ಲೆಂಡಿನಲ್ಲಿ ಸಿದ್ಧವಾಯಿತು. ಆಕೆ ಗೌರಮ್ಮ, ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ ಕೊಡಗಿನ ದೊರೆ ಚಿಕವೀರ ರಾಜೇಂದ್ರನ ಮಗಳು. ಚಿತ್ರ ಬರೆಸಿದವಳು ವಿಕ್ಟೋರಿಯಾ ರಾಣಿ, ಬರೆದವನು ಫ್ರಾಂಜ್ ಕ್ಸೇವರ್ ವಿಂಟರ್‌ಹಾಲ್ಟರ್. ಆ ಕಾಲದ ಯೂರೋಪಿನ ರಾಜಮನೆತನಗಳು ಇವನ ಕುಂಚಕ್ಕಾಗಿ ಕಾಯುತ್ತಿದ್ದವು. ವಿಮರ್ಶಕರಲ್ಲಿ ಹಲವರು ಮಾತ್ರ ಅವನನ್ನು ದೊರೆಗಳ ಹೊಗಳುಭಟ್ಟನೆಂದು ಬದಿಗಿಟ್ಟರು. ಆ ತೀರ್ಪು ಅರ್ಧಸತ್ಯ. ಅಧಿಕಾರ ತನ್ನನ್ನು ಜನ ಹೇಗೆ ಕಾಣಬೇಕೆಂದು ಬಯಸಿತ್ತೋ ಅದಕ್ಕೆ ಅವನ ಚಿತ್ರಗಳಷ್ಟು ಸ್ಪಷ್ಟವಾದ ದಾಖಲೆ ಬೇರೆ ಸಿಗುವುದು ಕಷ್ಟ.

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಹಳ್ಳಿಯೊಂದರ ರೈತ ಕುಟುಂಬದಲ್ಲಿ 1805ರಲ್ಲಿ ಹುಟ್ಟಿದ ವಿಂಟರ್‌ಹಾಲ್ಟರ್, ಎಳೆಯ ವಯಸ್ಸಿನಲ್ಲೇ ಫ್ರೈಬರ್ಗ್‌ಗೆ ಹೋಗಿ ಚಿತ್ರ ಬರೆಯುವುದನ್ನೂ ಅಚ್ಚು ಕೊರೆಯುವುದನ್ನೂ ಕಲಿತ. ಮ್ಯೂನಿಕ್‌ನಲ್ಲಿ ಕಲ್ಲಚ್ಚಿನ ಕೆಲಸ ಅವನ ಜೀವನೋಪಾಯವಾಯಿತು. 1834ರಲ್ಲಿ ಬಾಡೆನ್ ಸಂಸ್ಥಾನದ ಆಸ್ಥಾನ ಚಿತ್ರಕಾರನಾದ. ಆಮೇಲೆ ಪ್ಯಾರಿಸ್ ಸೇರಿದ. ಅಲ್ಲಿ ಬೆಲ್ಜಿಯಂ ರಾಣಿಯ ಚಿತ್ರ ಮೆಚ್ಚುಗೆ ಗಳಿಸಿದ್ದೇ ತಡ, ಆಕೆಯ ತಂದೆ, ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆಸಿದ. 1848ರ ಕ್ರಾಂತಿಯಲ್ಲಿ ಆ ದೊರೆ ಪದಚ್ಯುತನಾದರೂ ಚಿತ್ರಕಾರನಿಗೆ ಕೆಲಸ ತಪ್ಪಲಿಲ್ಲ. ಮುಂದೆ ಪಟ್ಟಕ್ಕೆ ಬಂದ ಮೂರನೆಯ ನೆಪೋಲಿಯನ್ನನೂ ಅವನನ್ನೇ ಕರೆಸಿಕೊಂಡ. ಸಿಂಹಾಸನದಲ್ಲಿ ಯಾರೇ ಕೂರಲಿ, ಅದಕ್ಕೆ ಕಳೆ ಕಟ್ಟಿಕೊಡಬಲ್ಲವನೊಬ್ಬ ಬೇಕಿತ್ತು.

ಅವನಿಗೆ ಹೊಗಳಿಕೆಯೊಂದೇ ಗೊತ್ತಿತ್ತೆನ್ನುವವರು ವಿಕ್ಟೋರಿಯಾಳ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1843ರಲ್ಲಿ ಗಂಡ ಆಲ್ಬರ್ಟ್‌ನ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಬರೆಸಿದ ಚಿತ್ರದಲ್ಲಿ ಆಕೆ ಕೆಂಪು ದಿಂಬಿಗೊರಗಿದ್ದಾಳೆ; ಬಿಚ್ಚಿದ ಕೂದಲು ಹೆಗಲ ಮೇಲಿಂದ ಇಳಿದಿದೆ, ಕಿರೀಟವಿಲ್ಲ. 1846ರ ರಾಜಕುಟುಂಬದ ಚಿತ್ರದಲ್ಲಿ ಅದೇ ಹೆಂಗಸು ಕಿರೀಟಧಾರಿಣಿ, ಗಂಡ ಮಕ್ಕಳ ನಡುವೆ ಕುಳಿತ ರಾಜ್ಯದ ಒಡತಿ. ಮೊದಲನೆಯದು ಒಬ್ಬನಿಗಾಗಿ, ಎರಡನೆಯದು ನಾಡಿಗಾಗಿ. ಅದನ್ನು ಜನರ ಮುಂದೆ ಪ್ರದರ್ಶಿಸಲಾಯಿತು, ಅಚ್ಚಿನಲ್ಲೂ ಹರಡಲಾಯಿತು. ಯಾರ ಕಣ್ಣಿಗೆ ಏನು ತೋರಿಸಬೇಕೆಂಬ ಇಂಥ ವಿವೇಕ ಬರಿಯ ಹೊಗಳುಭಟ್ಟನಿಗೆ ಬರುವಂಥದ್ದಲ್ಲ.

ಗೌರಮ್ಮನಿಗೂ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ಗೂ ಅವನು ರಾಜಮರ್ಯಾದೆಯನ್ನೇ ಕೊಟ್ಟನಲ್ಲ, ಅದು ರಾಣಿಯ ವಾತ್ಸಲ್ಯವಲ್ಲವೇ ಎಂದು ಕೇಳಬಹುದು. ವಾತ್ಸಲ್ಯ ಸುಳ್ಳಲ್ಲ, ಗೌರಮ್ಮನ ದೀಕ್ಷಾಸ್ನಾನಕ್ಕೆ ರಾಣಿಯೇ ಧರ್ಮಮಾತೆಯಾಗಿದ್ದಳು. ಆದರೆ ಕೊಡಗನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲೇ ನುಂಗಿತ್ತು. ಪಂಜಾಬು 1849ರಲ್ಲಿ ಹೋಗಿತ್ತು. 1854ರ ಚಿತ್ರದಲ್ಲಿ ದುಲೀಪ್ ಮೈತುಂಬ ಒಡವೆ ತೊಟ್ಟು ಠೀವಿಯಿಂದ ನಿಂತಿದ್ದಾನೆ. ಕೊರಳಲ್ಲಿ ತೂಗುತ್ತಿರುವುದು ವಿಕ್ಟೋರಿಯಾಳ ಪುಟ್ಟ ಚಿತ್ರ. ಅವನದಾಗಿದ್ದ ಕೋಹಿನೂರ್ ವಜ್ರ ಆ ಹೊತ್ತಿಗೆ ರಾಣಿಯ ಕೈಸೇರಿತ್ತು. ಕಸಿದುಕೊಂಡ ರಾಜ್ಯದ ಬದಲಿಗೆ ರಾಜಕಳೆಯನ್ನು ಬಣ್ಣದಲ್ಲಿ ಮರಳಿಸಿದ ಈ ಚಿತ್ರಗಳು, ಸಾಮ್ರಾಜ್ಯ ತನ್ನನ್ನು ತಾನೇ ದಯಾಮಯಿಯೆಂದು ನಂಬಿಸಿಕೊಂಡ ಬಗೆಯನ್ನು ಹೇಳುತ್ತವೆ.

ವಿಂಟರ್‌ಹಾಲ್ಟರ್ 1873ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೀರಿಕೊಂಡ. ಅವನ ರೇಷ್ಮೆ, ಜರತಾರಿ, ಮುತ್ತುಗಳ ಹೊಳಪನ್ನು ಮನಸಾರೆ ಮೆಚ್ಚೋಣ. ಜೊತೆಗೆ ಇದನ್ನು ಬರೆಸಿದವರಾರು, ಯಾರಿಗೆ ತೋರಿಸಲು ಎಂದೂ ಕೇಳೋಣ. ಅರಮನೆಯ ಯಾವ ಭಾವಚಿತ್ರದ ಮುಂದೆ ನಿಂತರೂ ಕೇಳಲೇಬೇಕಾದ ಪ್ರಶ್ನೆಗಳಿವು.